ಅಡಿಕೆಯೊಳಗೆ ಹತ್ತು ಕಿಲೋಮೀಟರ್

ಕಮ್ಮರಡಿ ಕಡೆ ಅಡಿಕೆ ಸುಲಿಯುವ ರಾತ್ರಿ, ಮೆಟ್ಟುಗತ್ತಿಯ ಪಕ್ಕ ಉರುಳಿದ ಒಂದು ಹಸಿ ಅಡಿಕೆಯನ್ನು ಕೈಗೆತ್ತಿಕೊಳ್ಳಿ. ಸಿಪ್ಪೆ ಸೇರಿ ಮೂರು ಸೆಂಟಿಮೀಟರ್ ದಪ್ಪವಿದ್ದೀತು. ನಮ್ಮ ಜೀವಕೋಶದ ನ್ಯೂಕ್ಲಿಯಸ್ಸನ್ನು 5,000 ಪಟ್ಟು ಹಿಗ್ಗಿಸಿದರೆ ಹೆಚ್ಚುಕಡಿಮೆ ಇಷ್ಟಾಗುತ್ತದೆ. ಅದರೊಳಗಿನ 46 ಡಿಎನ್ಎ ಎಳೆಗಳನ್ನು ಉದ್ದಕ್ಕೆ ಜೋಡಿಸಿದರೆ ಎರಡು ಮೀಟರ್. ಅದನ್ನೂ ಅಷ್ಟೇ ಪಟ್ಟು ಹಿಗ್ಗಿಸಿ: ಹತ್ತು ಕಿಲೋಮೀಟರ್! ತಲೆಗೂದಲಿಗಿಂತ ಎಷ್ಟೋ ತೆಳುವಾದ ದಾರ, ಒಂದು ಅಡಿಕೆಯೊಳಗೆ.

ಹೂ ಕಟ್ಟುವ ಮೊಳ ಉದ್ದದ ಬಾಳೆನಾರೇ ಸಿಕ್ಕಾಗುತ್ತದೆ. ಇದು ಆಗುವುದಿಲ್ಲ. ಹಿಸ್ಟೋನ್ ಎಂಬ ಪ್ರೋಟೀನಿನ ಉಂಡೆಗೆ ಡಿಎನ್ಎ ಒಂದೂಮುಕ್ಕಾಲು ಸುತ್ತು ಸುತ್ತಿಕೊಂಡು ಮುಂದಿನ ಉಂಡೆಗೆ ಹೋಗುತ್ತದೆ. ಒಂದೇ ನ್ಯೂಕ್ಲಿಯಸ್ಸಿನಲ್ಲಿ ಇಂಥ ಉಂಡೆಗಳು ಸುಮಾರು ಮೂರು ಕೋಟಿ. ಇನ್ನು ಇಡೀ ದೇಹದ ಲೆಕ್ಕ: ಕೆಂಪು ರಕ್ತಕಣಗಳಿಗೆ ನ್ಯೂಕ್ಲಿಯಸ್ ಇಲ್ಲ, ಅವನ್ನು ಬಿಡಿ. ಉಳಿದ ಜೀವಕೋಶಗಳನ್ನು ಮೂರು ಲಕ್ಷ ಕೋಟಿಯೆಂದು ಹಿಡಿದರೂ, ಒಬ್ಬ ಮನುಷ್ಯನ ಡಿಎನ್ಎ ಸೂರ್ಯನಿಗೆ ಇಪ್ಪತ್ತು ಸಲ ಹೋಗಿಬರುವಷ್ಟು ಉದ್ದ.

ನನ್ನನ್ನು ಇದಕ್ಕಿಂತ ಹೆಚ್ಚು ಬೆರಗುಗೊಳಿಸುವುದು ಬೇರೆಯೇ ಒಂದು ಕೆಲಸ. 1948ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಎಂ.ಆರ್.ಎಸ್. ರಾವ್, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇಲಿಯ ವೀರ್ಯಾಣುವಿನ ನ್ಯೂಕ್ಲಿಯಸ್ಸಿನ ಹಿಂದೆ ಬಿದ್ದವರು. ವೀರ್ಯಾಣು ರೂಪುಗೊಳ್ಳುವಾಗ ಹಿಸ್ಟೋನ್ ಬಹುಪಾಲು ಹೊರಬಿದ್ದು, ಕೊನೆಗೆ ಪ್ರೋಟಮೀನ್ ಎಂಬ ಪುಟ್ಟ ಪ್ರೋಟೀನ್ ಬಂದು ಎಳೆಯನ್ನು ಇನ್ನೂ ಬಿಗಿಯಾಗಿ ಅದುಮುತ್ತದೆ. ನಡುವೆ ಕೆಲವೇ ದಿನ ಟಿಪಿ1, ಟಿಪಿ2 ಎಂಬ ಪ್ರೋಟೀನುಗಳು ಬಂದು ಹೋಗುತ್ತವೆ. ಇಲಿಯಲ್ಲಿ ಈ ರೂಪಾಂತರಕ್ಕೆ 19 ಹಂತ. ಈ ಪ್ರೋಟೀನುಗಳು ಕಾಣುವುದು ಅದರ ಕೆಲವೇ ಹಂತಗಳಲ್ಲಿ. ಟಿಪಿ2 ಸತುವನ್ನು ಹಿಡಿದುಕೊಳ್ಳುವ ಪ್ರೋಟೀನ್ ಎಂದು ತೋರಿಸಿದ್ದು ರಾವ್ ಅವರ ಪ್ರಯೋಗಾಲಯ. ಬಂದಷ್ಟೇ ಬೇಗ ಮರೆಯಾಗುವ ಇಂಥ ಅತಿಥಿಗಾಗಿ ಅವರು ದಶಕಗಳನ್ನೇ ಕೊಟ್ಟರು. 1988ರಲ್ಲಿ ಭಟ್ನಾಗರ್ ಪ್ರಶಸ್ತಿ, 2010ರಲ್ಲಿ ಪದ್ಮಶ್ರೀ ಬಂದವು. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಅಧ್ಯಕ್ಷರೂ ಆದರು. 2023ರ ಆಗಸ್ಟ್‌ನಲ್ಲಿ ತೀರಿಕೊಂಡರು.

ಅಷ್ಟು ಬಿಗಿಯಾಗಿ ಅದುಮಿದ ಎಳೆ ಅಂಡದೊಳಗೆ ಹೊಕ್ಕ ಕೆಲವೇ ಗಂಟೆಗಳಲ್ಲಿ ಪ್ರೋಟಮೀನನ್ನು ಕಳಚಿಕೊಳ್ಳುತ್ತದೆ. ತಾಯಿ ಕೂಡಿಟ್ಟ ಹಿಸ್ಟೋನ್ ಬಂದು, ಅಪ್ಪನ ಒಂದು ಮೀಟರ್ ದಾರ ಮತ್ತೆ ಉಂಡೆಗಳಿಗೆ ಸುತ್ತತೊಡಗುತ್ತದೆ.