ಮಾದಪ್ಪನ ಬೆಟ್ಟವೋ, ರಂಗಪ್ಪನ ಬೆಟ್ಟವೋ

ಎರಡು ದಿನ ರಜೆ ಇದೆ, ನಿಮ್ಮ ಕೊಳ್ಳೇಗಾಲದ ಕಡೆ ಬರೋಣ ಅಂತಿದ್ದೇವೆ, ಯಾವ ಬೆಟ್ಟ ಹತ್ತೋಣ? ಬೆಂಗಳೂರು, ಮೈಸೂರುಗಳ ನೆಂಟರು ಫೋನಿನಲ್ಲಿ ಕೇಳುವ ಮಾತು ಇದು. ‘ಎರಡಕ್ಕೂ ಹೋಗ್ಬನ್ನಿ, ಏನು ಮಹಾ ದೂರ’ ಎಂದು ಊರವರು ಹೇಳಿಬಿಡುತ್ತಾರೆ. ಅದು ಉಪಚಾರದ ಮಾತು, ನಂಬಬೇಡಿ. ಕೊಳ್ಳೇಗಾಲದಿಂದ ನೈಋತ್ಯಕ್ಕೆ ಯಳಂದೂರು ದಾಟಿ ಬಿಳಿಗಿರಿರಂಗನ ಬೆಟ್ಟ, ಸುಮಾರು 40 ಕಿಲೋಮೀಟರ್. ಆಗ್ನೇಯಕ್ಕೆ ಹನೂರು ದಾಟಿ ಮಲೆ ಮಹದೇಶ್ವರ ಬೆಟ್ಟ, ಹತ್ತಿರ ಹತ್ತಿರ 80. ಒಂದರಿಂದ ಇಳಿದು ಕೊಳ್ಳೇಗಾಲಕ್ಕೆ ಬಂದೇ ಇನ್ನೊಂದಕ್ಕೆ ಹೊರಡಬೇಕು. ನಡುವೆ ಭರಚುಕ್ಕಿ ಜಲಪಾತವನ್ನೂ ಸೇರಿಸಿ ಒಂದೇ ದಿನದಲ್ಲಿ ‘ಕವರ್’ ಮಾಡಿಸುವ ಟೆಂಪೊ ಟ್ರಾವೆಲರ್‌ಗಳಿವೆ. ಅವುಗಳಲ್ಲಿ ಹೋಗಿ ಬಂದವರಿಗೆ ನೆನಪಿರುವುದು ರಸ್ತೆಯ ತಿರುವು, ನಿಂಬೆಹಣ್ಣು, ವಾಂತಿ.

ಆಯ್ಕೆ ಮಾಡಲೇಬೇಕು. ಯಾವ ಬೆಟ್ಟ ಚೆಂದ ಎಂದು ಕೇಳಿದರೆ ಜಗಳ ಹರಿಯುವುದಿಲ್ಲ. ಹಗಲು ಇದೆಯೋ, ರಾತ್ರಿಯೂ ಇದೆಯೋ ಎಂದು ಕೇಳಿಕೊಳ್ಳಿ. ರಂಗಪ್ಪನ ಬೆಟ್ಟ ಹಗಲಿನದು, ಮಾದಪ್ಪನ ಬೆಟ್ಟ ರಾತ್ರಿಯದು.

ಯಾವ ಕಡೆ ಹೊರಟರೂ ಮೊದಲು ಸಿಗುವುದು ಕೊಳ್ಳೇಗಾಲ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಇದು ಕೊಯಮತ್ತೂರು ಜಿಲ್ಲೆಗೆ ಸೇರಿದ ತಾಲ್ಲೂಕು. ಪೇಟೆಯಲ್ಲಿ ಕನ್ನಡ ತಮಿಳಿಗೆ, ತಮಿಳು ಕನ್ನಡಕ್ಕೆ ಸಲೀಸಾಗಿ ಹೊರಳುವುದು ಈಗಲೂ ಕೇಳಿಸುತ್ತದೆ. ಆಮೇಲೆ ಮೈಸೂರು ಜಿಲ್ಲೆಗೆ ಬಂತು, 1997ರಲ್ಲಿ ಚಾಮರಾಜನಗರ ಜಿಲ್ಲೆಯ ಪಾಲಾಯಿತು, ಇತ್ತೀಚೆಗೆ ಹನೂರನ್ನು ಹೊಸ ತಾಲ್ಲೂಕಾಗಿ ಬಿಟ್ಟುಕೊಟ್ಟಿತು. ದೇವಾಂಗ ಪೇಟೆಯ ಕಡೆ ರೇಷ್ಮೆ ಸೀರೆ ನೋಡಲು ಹೋದರೆ ಅರ್ಧ ದಿನ ಕಳೆಯಿತೆಂದೇ ಲೆಕ್ಕ. ಬೆಟ್ಟಕ್ಕೆ ಹೊರಟವರು ಅತ್ತ ಸುಳಿಯದಿರುವುದು ಮೇಲು.

ಯಳಂದೂರಿನ ದಾರಿ ಹಿಡಿಯೋಣ. ಕರ್ನಾಟಕದ ಅತಿ ಪುಟ್ಟ ತಾಲ್ಲೂಕುಗಳಲ್ಲಿ ಇದೊಂದು. ಊರು ಸಣ್ಣದು, ಹೆಸರು ದೊಡ್ಡದು. ‘ಹದಿಬದೆಯ ಧರ್ಮ’ ಬರೆದ ಸಂಚಿ ಹೊನ್ನಮ್ಮ ಈ ಊರಿನವಳು. ‘ರಾಜಶೇಖರವಿಳಾಸ’ದ ಷಡಕ್ಷರದೇವನ ಗದ್ದುಗೆ ಇಲ್ಲಿದೆ. ಟಿಪ್ಪುವಿನ ಬಳಿಯೂ ಒಡೆಯರ ಬಳಿಯೂ ಆಡಳಿತ ನಡೆಸಿದ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದದ್ದು ಇದೇ ಯಳಂದೂರು. ಗೌರೀಶ್ವರ ದೇವಾಲಯದ ಮುಂದಿನ ಬಳೆಮಂಟಪದ ಎದುರು ಹತ್ತು ನಿಮಿಷ ನಿಲ್ಲಿ. ಮಹಾದ್ವಾರದ ಮೂಲೆಗಳಿಂದ ಕಲ್ಲಿನ ಬಳೆಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಸರಪಳಿಯಾಗಿ ಇಳಿಬಿದ್ದಿವೆ. ಬೆಸುಗೆ ಇಲ್ಲ, ಅಂಟು ಇಲ್ಲ, ಒಂದೇ ಕಲ್ಲಿನಲ್ಲಿ ಬಿಡಿಸಿದ ಕೊಂಡಿಗಳು. ಕಾಲ ಒಂದಷ್ಟನ್ನು ಮುರಿದಿದೆ, ಮನುಷ್ಯರ ಕೈ ಇನ್ನಷ್ಟನ್ನು ಮುರಿದಿದೆ. ಬೆಟ್ಟಕ್ಕೆ ಹೋಗುವ ಹತ್ತು ಕಾರುಗಳಲ್ಲಿ ಒಂದೂ ಇಲ್ಲಿ ನಿಲ್ಲುವುದಿಲ್ಲ.

ಗುಂಬಳ್ಳಿ ಚೆಕ್‌ಪೋಸ್ಟಿನಿಂದ ಕಾಡು ಶುರು. ಸಂಜೆಯಾದರೆ ಗೇಟು ಮುಚ್ಚುತ್ತಾರೆ, ಮತ್ತೆ ತೆರೆಯುವುದು ಬೆಳಗ್ಗೆಯೇ. ರಂಗಪ್ಪನ ಬೆಟ್ಟ ಹಗಲಿನದು ಎಂದದ್ದಕ್ಕೆ ಮೊದಲ ಕಾರಣ ಈ ಗೇಟು. ಕೆಳಗೆ ಕುರುಚಲು, ಸ್ವಲ್ಪ ಏರಿದರೆ ಎಲೆ ಉದುರುವ ಕಾಡು, ಇನ್ನೂ ಮೇಲೆ ಶೋಲಾ ಮತ್ತು ಹುಲ್ಲುಗಾವಲು. ಒಂದೇ ಗಂಟೆಯ ಪ್ರಯಾಣದಲ್ಲಿ ಇಷ್ಟು ಬಗೆಯ ಕಾಡು ಕಿಟಕಿಯಾಚೆ ಹಾದುಹೋಗುವ ರಸ್ತೆ ಹಳೇ ಮೈಸೂರು ಸೀಮೆಯಲ್ಲಿ ಬೇರೆ ನನಗೆ ಕಂಡಿಲ್ಲ. ಪಶ್ಚಿಮಘಟ್ಟದ ಕಾಡೂ ಪೂರ್ವಘಟ್ಟದ ಕಾಡೂ ಕೈ ಹಿಡಿಯುವ ಜಾಗ ಇದು. 1974ರಲ್ಲಿ ವನ್ಯಜೀವಿಧಾಮ, 2011ರ ಆರಂಭದಲ್ಲಿ ಹುಲಿ ಸಂರಕ್ಷಿತ ಪ್ರದೇಶ.

ದೇವಸ್ಥಾನ ನಿಂತಿರುವುದು ಬಿಳಿ ಬಂಡೆಯ ಅಂಚಿನಲ್ಲಿ. ಕೆಳಗೆ ಯಳಂದೂರು ಬಯಲಿನ ಕೆರೆಗಳು ಚೂರು ಚೂರಾಗಿ ಹೊಳೆಯುತ್ತವೆ. ಇಲ್ಲಿ ರಂಗನಾಥ ಶ್ರೀರಂಗಪಟ್ಟಣದವನ ಹಾಗೆ ಮಲಗಿಲ್ಲ, ನಿಂತಿದ್ದಾನೆ. ಅವನು ರಾತ್ರಿ ಕಾಡು ಸುತ್ತುತ್ತಾನೆ, ಆದ್ದರಿಂದ ಚಪ್ಪಲಿ ಸವೆಯುತ್ತದೆ ಎಂಬುದು ನಂಬಿಕೆ. ಬೂದಿತಿಟ್ಟಿನ ಚರ್ಮದ ಕಸುಬಿನವರು ಅಡಿಗಿಂತ ಉದ್ದನೆಯ ಚಪ್ಪಲಿ ಜೋಡಿ ಹೊಲಿದು ಒಪ್ಪಿಸುತ್ತಾರೆ. ಚರ್ಮದ ಆ ಚಪ್ಪಲಿಯನ್ನು ಭಕ್ತರ ತಲೆಗೆ ಮುಟ್ಟಿಸಿ ಹರಸುವುದು ಇಲ್ಲಿನ ಪದ್ಧತಿ. ಮಡಿ ಮೈಲಿಗೆಯ ಲೆಕ್ಕ ಇಡುವ ವೈಷ್ಣವ ಗುಡಿಯೊಳಗೆ ಅದು ಹೇಗೆ ಉಳಿದುಬಂತು ಎಂದು ಕೇಳುವವರಿಗೆ ಅರ್ಧ ಉತ್ತರ ಈ ಕಾಡಿನ ಬುಡಕಟ್ಟು ಜನರಾದ ಸೋಲಿಗರ ಕಥೆಯಲ್ಲಿದೆ. ರಂಗನಾಥ ಮದುವೆಯಾದದ್ದು ಸೋಲಿಗರ ಹುಡುಗಿ ಕುಸುಮಾಲೆಯನ್ನು. ಹಾಗಾಗಿ ಸೋಲಿಗರಿಗೆ ಅವನು ಭಾವ. ಭಾವನ ಹತ್ತಿರ ಸಲಿಗೆ ಇರುತ್ತದೆ, ತಮಾಷೆ ಇರುತ್ತದೆ, ಬೈಗುಳವೂ ನಡೆಯುತ್ತದೆ.

ಗುಡಿ ನೋಡಿ ಹಿಂತಿರುಗಿದರೆ ಬೆಟ್ಟದ ಅರ್ಧವೂ ಕಂಡಂತಲ್ಲ. ಕಾಡಿನೊಳಗೆ ಭಾರ್ಗವಿ ಹೊಳೆಯ ಪಕ್ಕ ದೊಡ್ಡ ಸಂಪಿಗೆ ಮರವಿದೆ. ನೂರಾರು ವರ್ಷದ್ದು. ಗಂಟು ಗಂಟಾದ ಬುಡವನ್ನು ನಾಲ್ಕಾರು ಜನ ಸೇರಿದರೂ ತಬ್ಬಲಾಗದು, ಬೇರುಗಳ ಸಂದಿಯಲ್ಲಿ ಲಿಂಗವೆಂದು ಪೂಜೆಗೊಳ್ಳುವ ಕಲ್ಲುಗಳ ಸಾಲು. ಗರ್ಭಗುಡಿ ಇಲ್ಲ, ಗೋಪುರ ಇಲ್ಲ. ಅಲ್ಲಿಗೆ ಹೋಗಲು ಅರಣ್ಯ ಇಲಾಖೆಯ ಒಪ್ಪಿಗೆ ಬೇಕು, ಹೊರಡುವ ಮೊದಲೇ ವಿಚಾರಿಸಿಕೊಳ್ಳಿ. ಕೆ. ಗುಡಿಯ ಕಡೆ ಸಫಾರಿ ಜೀಪು ಹತ್ತುವವರಿಗೆ ಕಾಟಿ, ಕಡವೆ, ಆನೆ ಕಾಣಬಹುದು. ಹುಲಿ ಕಂಡರೆ ಅದೃಷ್ಟ. ಮಕ್ಕಳಿಗೆ ಹುಲಿ ತೋರಿಸುತ್ತೇನೆಂದು ಮಾತು ಕೊಟ್ಟು ಬರಬೇಡಿ.

ದಾರಿಯುದ್ದಕ್ಕೂ ಕಾಣುವ ಪೊದೆಯ ಕಥೆ ಹುಲಿಯಷ್ಟೇ ದೊಡ್ಡದು. ಅದು ಲಂಟಾನ. ಮರಗಳ ಕೆಳಗೆಲ್ಲ ಹಬ್ಬಿ ಹುಲ್ಲನ್ನು ನುಂಗಿದೆ. ಸೋಲಿಗರು ಹಿಂದೆ ಬೇಸಿಗೆಯ ಮೊದಲಿಗೇ ‘ತರಗು ಬೆಂಕಿ’ ಹಾಕುತ್ತಿದ್ದರು. ಒಣಗಿದ ಎಲೆ ಮಾತ್ರ ಸುಡುವ ನೆಲಮಟ್ಟದ ಸಣ್ಣ ಬೆಂಕಿ. ವನ್ಯಜೀವಿಧಾಮವಾದ ಮೇಲೆ ಅದು ನಿಂತಿತು, ಲಂಟಾನ ಬೆಳೆದದ್ದು ಆಮೇಲೆ ಎನ್ನುತ್ತಾರೆ ಹಿರಿಯ ಸೋಲಿಗರು. ಈ ಕಾಡನ್ನು ಅಧ್ಯಯನ ಮಾಡಿದ ಕೆಲವು ಸಂಶೋಧಕರೂ ಆ ಮಾತಿಗೆ ದನಿಗೂಡಿಸಿದ್ದಾರೆ. 1980ರ ಆಸುಪಾಸಿನಲ್ಲಿ ವೈದ್ಯ ಎಚ್. ಸುದರ್ಶನ್ ಇಲ್ಲಿ ನೆಲೆಸಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. ಆಸ್ಪತ್ರೆ ಬಂತು, ಶಾಲೆ ಬಂತು, ಓದಿದ ಒಂದು ತಲೆಮಾರು ಬಂತು. 2011ರಲ್ಲಿ ಸೋಲಿಗರ ಹಲವು ಪೋಡುಗಳಿಗೆ, ಅಂದರೆ ಹಾಡಿಗಳಿಗೆ, ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ದೇಶದ ಹುಲಿ ಸಂರಕ್ಷಿತ ಪ್ರದೇಶವೊಂದರ ಒಳಗೆ ಬುಡಕಟ್ಟು ಜನ ಅದನ್ನು ಪಡೆದದ್ದು ಅದೇ ಮೊದಲು. ಜೇನು, ನೆಲ್ಲಿಕಾಯಿ ಕೊಳ್ಳುವಾಗ ಚೌಕಾಸಿಗೆ ಇಳಿಯುವ ಮುನ್ನ ಇದು ನೆನಪಿರಲಿ.

ಇನ್ನು ಮಾದಪ್ಪನ ದಾರಿ. ಹನೂರು, ಕೌದಳ್ಳಿ ದಾಟಿದರೆ ತಾಳಬೆಟ್ಟ. ಅಲ್ಲಿಂದ ಎಪ್ಪತ್ತೇಳು ಮಲೆಯ ಒಡೆಯನ ಸೀಮೆ. ಬಸ್ಸು ಮೇಲಿನವರೆಗೂ ಹೋಗುತ್ತದೆ. ಹರಕೆ ಹೊತ್ತವರು ಮಾತ್ರ ತಾಳಬೆಟ್ಟದಲ್ಲಿ ಕಾಯಿ ಒಡೆದು, ಕರ್ಪೂರ ಹಚ್ಚಿ ನಡೆಯಲು ಶುರುಮಾಡುತ್ತಾರೆ. ಶಿವರಾತ್ರಿಗೆ ಕನಕಪುರ, ರಾಮನಗರದ ಕಡೆಯಿಂದ ಕಾವೇರಿಯನ್ನು ಕಾಲ್ನಡಿಗೆಯಲ್ಲೇ ದಾಟಿ ಬರುವ ದಂಡೂ ಇದೆ. ನಿಸರ್ಗ ನೋಡಲು ಬರುವವರಿಗೆ ಈ ಬೆಟ್ಟ ಮೊದಲ ನೋಟಕ್ಕೆ ನಿರಾಸೆ ಮಾಡೀತು. ಬಿಸಿಲು, ಬಂಡೆ, ಕುರುಚಲು. ಮೇಲೆ ಹೋದರೆ ಸರತಿ ಸಾಲು, ಲಾಡು ಕೌಂಟರು, ಮುಡಿ ಕೊಟ್ಟ ತಲೆಗಳು, ಮೈಕು. ಹಗಲು ಹನ್ನೆರಡಕ್ಕೆ ಬಂದು ದರ್ಶನ ಮುಗಿಸಿ ಮೂರಕ್ಕೆ ಇಳಿದವರು ‘ಏನಿದೆ ಅಲ್ಲಿ’ ಎಂದರೆ ನಾನು ವಾದಿಸುವುದಿಲ್ಲ.

ರಾತ್ರಿ ಉಳಿದವರು ಹಾಗೆನ್ನುವುದಿಲ್ಲ. ಸಂಜೆ ಕಳೆದು ಕಾರುಗಳು ಇಳಿದ ಮೇಲೆ ಗುಡಿಯ ಸುತ್ತಲಿನ ಅಂಗಳ ಹಳ್ಳಿಯವರ ಕೈಗೆ ಬರುತ್ತದೆ. ಕಂಬಳಿ ಹಾಸಿ ಮನೆ ಮಂದಿಯೆಲ್ಲ ಮಲಗುತ್ತಾರೆ. ಯಾರೋ ಪಂಜು ಹಿಡಿಯುತ್ತಾರೆ, ಯಾರೋ ಉರುಳುಸೇವೆ ಮಾಡುತ್ತಾರೆ, ಹೆಂಗಸರು ಪೊರಕೆ ಹಿಡಿದು ಅಂಗಳ ಗುಡಿಸುವ ‘ರಜ ಹೊಡೆಯುವ’ ಸೇವೆಗೆ ಇಳಿಯುತ್ತಾರೆ. ಒಂದು ಮೂಲೆಯಲ್ಲಿ ದೇವರಗುಡ್ಡರ ಮೇಳ ಕೂತರೆ ನಿಮ್ಮ ರಾತ್ರಿ ಸಾರ್ಥಕ. ಎಡಗೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಬಲಗೈಯಲ್ಲಿ ಗೊಂಡೆ ಕಟ್ಟಿದ ಚಪ್ಪಟೆ ತಾಳ. ಬೀಸು ಕಂಸಾಳೆಯಾದರೆ ಆ ಗೊಂಡೆ ತಲೆಯ ಮೇಲೆ, ಬೆನ್ನ ಹಿಂದೆ, ಕಾಲ ಸಂದಿಯಲ್ಲಿ ಸುತ್ತಿ ಬಂದು ಸರಿಯಾಗಿ ಬಟ್ಟಲಿಗೇ ಬಡಿಯಬೇಕು. ಹಾಡುವುದು ಮಾದಪ್ಪನ ಕಾವ್ಯ. ಅದು ಸಾಲು ಸಾಲಾಗಿ ಹರಡಿಕೊಂಡಿದೆ: ಶ್ರವಣದೊರೆಯ ಸಾಲು, ಜುಂಜೇಗೌಡನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಸಂಕಮ್ಮನ ಸಾಲು. ಪೂರ್ತಿ ಹಾಡಲು ಒಂದು ರಾತ್ರಿ ಸಾಲದು. ಜಿ.ಶಂ. ಪರಮಶಿವಯ್ಯ, ಪಿ.ಕೆ. ರಾಜಶೇಖರ ಮೊದಲಾದ ವಿದ್ವಾಂಸರು ಇದನ್ನು ಬರಹಕ್ಕಿಳಿಸಿದ್ದಾರೆ. ಓದಿದವರಿಗೂ ಇಲ್ಲಿ ಕೇಳುವುದೇ ಬೇರೆ.

ಸಂಕಮ್ಮನ ಸಾಲು ಹಾಡಿದರೆ ಎದ್ದು ಹೋಗಬೇಡಿ. ಅವಳ ಗಂಡ ನೀಲಯ್ಯ ಜೇನು, ಗೆಡ್ಡೆ ಅರಸಿ ಕಾಡಿಗೆ ಹೋಗುವ ಸೋಲಿಗ, ಅನುಮಾನದ ಪ್ರಾಣಿ. ಮಕ್ಕಳಿಲ್ಲದ ಸಂಕಮ್ಮನಿಗೆ ಮಾದಪ್ಪನ ವರದಿಂದ ಹುಟ್ಟಿದ ಅವಳಿಗಳು ಕಾರಯ್ಯ, ಬಿಲ್ಲಯ್ಯ. ಇಬ್ಬರೂ ಆಮೇಲೆ ಮಾದಪ್ಪನ ಶಿಶುಮಕ್ಕಳಾಗುತ್ತಾರೆ. ಅಲ್ಲಿ ದೇವರು ಸೋಲಿಗರ ಮನೆ ಅಳಿಯ, ಇಲ್ಲಿ ಸೋಲಿಗಿತ್ತಿಯ ಮಕ್ಕಳು ದೇವರ ಮಕ್ಕಳು. ಒಬ್ಬ ವಿಷ್ಣು, ಇನ್ನೊಬ್ಬ ಶಿವನ ಜಂಗಮ. ಎರಡು ಗುಡಿಗಳ ಕಥೆಗೂ ಮನೆಮಾತು ಕಾಡಿನದೇ. ಮಾದಪ್ಪನ ಪೂಜೆ ಬೇಡಗಂಪಣ ಸಮುದಾಯದವರದು. ದೀಪಾವಳಿಯ ಹಾಲರವಿ ಉತ್ಸವದಲ್ಲಿ ಕಾಡಿನ ಹಳ್ಳದಿಂದ ನೀರು ಹೊತ್ತು ಸಾಲಾಗಿ ಬರುವ 101 ಕನ್ಯೆಯರೂ ಆ ಮನೆತನಗಳವರೇ.

ಹೊಸದಾಗಿ ನೋಡುವಂಥದು 108 ಅಡಿಯ ಮಾದಪ್ಪನ ಪ್ರತಿಮೆ, 2023ರಲ್ಲಿ ಉದ್ಘಾಟನೆಯಾಯಿತು. ಹುಲಿಯ ಮೇಲೆ ಕೂತ ಮಾದಪ್ಪ. ಅದರ ಮುಂದೆ ಸೆಲ್ಫಿಗೆ ಜಾಗ ಸಿಗುವುದು ಕಷ್ಟ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ವನ್ಯಜೀವಿಧಾಮದ ಹೂಗ್ಯಂ ವಲಯದಲ್ಲಿ ತಾಯಿ ಹುಲಿಯೊಂದು ನಾಲ್ಕು ಮರಿಗಳ ಸಮೇತ ವಿಷ ಹಾಕಿದ ಹಸುವಿನ ಮಾಂಸ ತಿಂದು ಸತ್ತಿತು. ಹುಲಿಯೇ ವಾಹನವಾದ ದೇವರ ಸೀಮೆಯಲ್ಲಿ ಹೀಗಾಯಿತಲ್ಲ ಎಂದು ಕೇಳಿದರೆ ಊರವರು ಮಾತು ಬದಲಿಸುತ್ತಾರೆ.

ಮರುದಿನ ಬಿಡುವಿದ್ದರೆ ಇನ್ನೂ ಮುಂದೆ ಗೋಪಿನಾಥಂ ಇದೆ. ವೀರಪ್ಪನ್ ಹುಟ್ಟಿದ ಊರು. ಅವನನ್ನು ಶರಣಾಗಿಸಲು ಹೋಗಿ 1991ರಲ್ಲಿ ಕೊಲೆಯಾದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಊರವರಿಗಾಗಿ ಕಟ್ಟಿಸಿದ ಮಾರಮ್ಮನ ಗುಡಿಯೂ ಇಲ್ಲಿದೆ. ಮುಂದೆ ಹೊಗೆನಕಲ್. ಒಂದು ಕಾಲಕ್ಕೆ ಸಂಜೆ ಮೇಲೆ ಓಡಾಡಲು ಹೆದರುತ್ತಿದ್ದ ಈ ರಸ್ತೆಯಲ್ಲಿ ಈಗ ಬೈಕ್ ಹುಡುಗರದೇ ಸದ್ದು.

ಮನೆಯಲ್ಲಿ ಮೊಣಕಾಲು ನೋವಿನ ಅಜ್ಜಿ ಇದ್ದು ಒಂದೇ ಹಗಲು ಸಿಕ್ಕಿದ್ದರೆ ರಂಗಪ್ಪ. ಮೇಲಿನವರೆಗೆ ರಸ್ತೆಯಿದೆ, ಗದ್ದಲ ಕಡಿಮೆ, ಗಾಳಿ ತಣ್ಣಗಿದೆ. ಊಟ ತಿಂಡಿಗೆ ಯಳಂದೂರಿನಲ್ಲೇ ಏರ್ಪಾಡು ಮಾಡಿಕೊಂಡು ಹತ್ತಿ. ಒಂದು ರಾತ್ರಿ ಕೈಯಲ್ಲಿದ್ದು, ಜನರ ನಡುವೆ ಇರಲು ಬೇಸರವಿಲ್ಲದಿದ್ದರೆ ಮಾದಪ್ಪ. ದಾಸೋಹದಲ್ಲಿ ಊಟ ಸಿಗುತ್ತದೆ, ಪ್ರಾಧಿಕಾರದ ವಸತಿಗೃಹಗಳಿವೆ. ಹೊರಡುವ ಮುಂಚೆ ಗೋಡೆಯ ಕ್ಯಾಲೆಂಡರ್ ನೋಡಿ. ಅಮಾವಾಸ್ಯೆಯ ಎಣ್ಣೆಮಜ್ಜನಕ್ಕೆ ಕರ್ನಾಟಕ, ತಮಿಳುನಾಡು ಎರಡೂ ರಾಜ್ಯದ ಜನ ಬಂದು ತುಂಬುತ್ತಾರೆ. ಆ ದಿನ ರೂಮು ಸಿಗುತ್ತದೆಂದು ಯಾರು ಹೇಳಿದರೂ ನಂಬಬೇಡಿ. ಆದರೆ ಮಾದಪ್ಪನನ್ನು ಅವನ ಒಕ್ಕಲಿನ ಜೊತೆ ನೋಡಬೇಕೆನ್ನುವವರು ಅಮಾವಾಸ್ಯೆಯಂದೇ ಬಂದು ಅಂಗಳದಲ್ಲಿ ಮಲಗಬೇಕು.

ಜನವರಿಯಲ್ಲಿ ಬರುವವರಿಗೆ ಲೆಕ್ಕ ಬೇರೆ. ಸಂಕ್ರಾಂತಿಯ ಮರುದಿನ ರಂಗಪ್ಪನ ಚಿಕ್ಕತೇರು. ಅದೇ ತಿಂಗಳ ಹುಣ್ಣಿಮೆಗೆ ಹನೂರು ತಾಲ್ಲೂಕಿನ ಚಿಕ್ಕಲ್ಲೂರಿನಲ್ಲಿ ಸಿದ್ದಪ್ಪಾಜಿ ಜಾತ್ರೆ, ಐದು ದಿನ. ಮೊದಲ ರಾತ್ರಿ ಚಂದ್ರಮಂಡಲವೆಂದು ಕಟ್ಟಿದ ಆಕೃತಿಗೆ ಬೆಂಕಿ ಕೊಡುತ್ತಾರೆ. ಜ್ವಾಲೆ ಯಾವ ದಿಕ್ಕಿಗೆ ಹೆಚ್ಚು ಉರಿಯಿತೋ ಆ ದಿಕ್ಕಿಗೆ ಈ ವರ್ಷ ಮಳೆ ಬೆಳೆ ಚೆನ್ನ ಎಂದು ರೈತರು ನೋಡಿಕೊಂಡು ಹೋಗುತ್ತಾರೆ. ಅಂಥ ವಾರ ಸಿಕ್ಕಿದರೆ ಎರಡೂ ಬೆಟ್ಟ ಬಿಟ್ಟು ಚಿಕ್ಕಲ್ಲೂರಿಗೆ ಹೋಗಿ. ಉಳಿಯಲು ಲಾಡ್ಜ್ ಬೇಕೆಂದರೆ ಕೊಳ್ಳೇಗಾಲದಲ್ಲೇ ಹಿಡಿದುಕೊಳ್ಳಿ. ಜಾತ್ರೆಗೆ ಅಲ್ಲಿಂದ ಬಸ್ಸು ಬಿಡುತ್ತಾರೆ.