ಮಂಡಿನೋವು: ವ್ಯಾಯಾಮದ ಜೊತೆಗೆ ಬೇಕಾದ ಇನ್ನೊಂದು

1970ರ ದಶಕದ ಕೊನೆಯಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕೇಟ್ ಲೋರಿಗ್ ಎಂಬ ನರ್ಸ್ ಸಂಧಿವಾತದವರಿಗೆ ತರಗತಿ ನಡೆಸುವ ಪ್ರಯೋಗಕ್ಕೆ ಕೈಹಾಕಿದರು. ವಾರಕ್ಕೊಮ್ಮೆ ಎರಡು ಗಂಟೆ, ಆರು ವಾರ. ಬಂದವರಲ್ಲಿ ಬಹಳಷ್ಟು ಜನ ಕೀಲು ಸವೆತದವರು. ಪಾಠ ಹೇಳುವವರೂ ವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯ ಜನ. ಅವರಲ್ಲೂ ಹಲವರಿಗೆ ಕೀಲುನೋವಿತ್ತು.

ತರಗತಿಗೆ ಬಂದವರ ನೋವು ಕಡಿಮೆಯಾಯಿತು. ಆದರೆ ಲೆಕ್ಕ ತಾಳೆಯಾಗಲಿಲ್ಲ. ತರಗತಿಯಲ್ಲಿ ಕಲಿತ ವ್ಯಾಯಾಮವನ್ನು ಹೆಚ್ಚು ಮಾಡಿದವರಿಗೇ ಹೆಚ್ಚು ಗುಣ ಕಾಣಬೇಕಿತ್ತಲ್ಲ? ಆ ನಂಟು ತೀರಾ ಸಡಿಲವಾಗಿತ್ತು. ಚೇತರಿಸಿಕೊಂಡವರನ್ನು ಮಾತಾಡಿಸಿದಾಗ, ನೋವಿನ ಮೇಲೆ ತಮಗೂ ಒಂದಿಷ್ಟು ಹಿಡಿತ ಇದೆ ಅನ್ನಿಸಿದೆ ಎಂದರು. ‘ಇದು ನನ್ನಿಂದಾಗುತ್ತದೆ’ ಎಂಬ ಈ ಭರವಸೆಯನ್ನು ಅದೇ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1977ರಲ್ಲೇ ವಿವರಿಸಿದ್ದರು. ಉಪದೇಶಕ್ಕಿಂತ, ಮಾಡಿ ಗೆದ್ದ ಅನುಭವದಿಂದಲೇ ಅದು ಬಲಿಯುತ್ತದೆ.

ಹಾಗಾಗಿ ಈ ತರಗತಿಯಲ್ಲಿ ‘ನಾಳೆಯಿಂದ ವಾಕಿಂಗ್’ ಎಂದರೆ ನಡೆಯುವುದಿಲ್ಲ. ಏನು, ಎಷ್ಟು, ಯಾವಾಗ, ವಾರಕ್ಕೆ ಎಷ್ಟು ಸಲ ಎಂದು ಹೇಳಬೇಕು. ಬೆಳಿಗ್ಗೆ ಕಾಫಿಗೆ ಮುಂಚೆ, ಹತ್ತು ನಿಮಿಷ, ವಾರದಲ್ಲಿ ಮೂರು ದಿನ. ಇದು ಆಗುತ್ತದೆಂಬ ಭರವಸೆಗೆ ಹತ್ತರಲ್ಲಿ ಎಷ್ಟು ಅಂಕ? ಏಳಕ್ಕಿಂತ ಕಡಿಮೆಯಾದರೆ ಗುರಿಯನ್ನೇ ಇಳಿಸಬೇಕು. ಈ ಕೊನೆಯ ನಿಯಮ ನನಗೆ ಬಹಳ ಇಷ್ಟ: ಬೈಗುಳವಿಲ್ಲ, ಗುರಿ ಸಣ್ಣದಾಗುತ್ತದೆ, ಅಷ್ಟೆ.

ನಾಲ್ಕು ವರ್ಷಗಳ ನಂತರ ನೋಡಿದಾಗಲೂ ನೋವು ಸರಾಸರಿ 20% ಕಡಿಮೆ ಇತ್ತು, ವೈದ್ಯರ ಭೇಟಿ 40% ಇಳಿದಿತ್ತು ಎಂದು 1993ರ ವರದಿ ಹೇಳಿತು. ಓಡಾಟದ ತೊಂದರೆ ಮಾತ್ರ ತುಸು ಏರಿತ್ತು. ಮುಂದೆ ಇಂಥ ಹಲವು ಕಾರ್ಯಕ್ರಮಗಳನ್ನು ಒಟ್ಟಿಗೆ ತೂಗಿದಾಗ ಲಾಭ ಸಣ್ಣದೆಂದೇ ಕಂಡಿತು. ಬರೀ ಪಾಠ ಸಾಲದು, ಸ್ನಾಯುಗಳೂ ದುಡಿಯಬೇಕು.

ಡೆನ್ಮಾರ್ಕಿನಲ್ಲಿ 2013ರಲ್ಲಿ ಶುರುವಾದ ‘ಗ್ಲಾಡ್’ ಕಾರ್ಯಕ್ರಮ ಎರಡನ್ನೂ ಬೆಸೆಯಿತು. ಮೊದಲು ರೋಗದ ತಿಳಿವಳಿಕೆ, ಆಮೇಲೆ ಫಿಸಿಯೋಥೆರಪಿಸ್ಟ್ ಕಣ್ಗಾವಲಿನಲ್ಲಿ 12 ಸಲ ವ್ಯಾಯಾಮ. ‘ಸವೆದ ಮಂಡಿಯನ್ನು ಬಳಸಿದರೆ ಇನ್ನೂ ಸವೆಯುತ್ತದೆ’ ಎಂಬ ಹೆದರಿಕೆಗೆ ಅಲ್ಲಿ ಸರಳ ಉತ್ತರವಿದೆ. ವ್ಯಾಯಾಮದಲ್ಲಿ ನೋವು ಹತ್ತಕ್ಕೆ ಐದರವರೆಗೆ ಬಂದರೂ ಪರವಾಗಿಲ್ಲ, 24 ಗಂಟೆಯೊಳಗೆ ಮೊದಲಿನ ಮಟ್ಟಕ್ಕೆ ಇಳಿಯಬೇಕು. ಇಳಿಯದಿದ್ದರೆ ಮುಂದಿನ ಸಲ ಕಡಿಮೆ ಮಾಡಿ. ಅಲ್ಲದೆ, ಮೂಳೆಯ ತುದಿಯ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಕೀಲು ಆಡಿದಾಗಲೇ ಅದಕ್ಕೆ ಪೋಷಕಾಂಶ ಚೆನ್ನಾಗಿ ತಲುಪುವುದು.

ವ್ಯಾಯಾಮದ ಜೊತೆಗೆ ಮಂಡಿಯ ಹೊರೆ ಇಳಿಸುವುದೂ ನೆರವಾಗುತ್ತದೆ. ದಪ್ಪಗಿರುವವರು ಒಂದು ಕಿಲೋ ಇಳಿಸಿದರೂ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ತಗ್ಗುತ್ತದೆ. ಊರುಗೋಲು ಬೇಕಾದವರು ಅದನ್ನು ನೋವಿಲ್ಲದ ಕಾಲಿನ ಕಡೆಯ ಕೈಯಲ್ಲಿ ಹಿಡಿಯಬೇಕು.