ಅನ್ಯ ತಯಾರಕರ ಲೆನ್ಸ್: ಬೆಲೆಗಿಂತ ಮೊದಲು ಮೌಂಟ್ ನೋಡಿ

ಸರಕನ್ನು ಕಣ್ಣಾರೆ ಕಾಣುವ ಮೊದಲೇ ಗ್ರಾಹಕನು ಅದರ ಛಾಯಾಚಿತ್ರವನ್ನು ಕಾಣುವ ಕಾಲವಿದು. ಆದಕಾರಣ ಆಭರಣ, ಸೀರೆ, ಪೀಠೋಪಕರಣ, ಯಂತ್ರದ ಬಿಡಿಭಾಗ ಮುಂತಾದವುಗಳ ವ್ಯಾಪಾರಿಗಳೂ ಸಣ್ಣ ಉತ್ಪಾದಕರೂ ಉನ್ನತ ದರ್ಜೆಯ ಫುಲ್ ಫ್ರೇಮ್ ಕ್ಯಾಮೆರಾದ ಕಡೆಗೆ ಮನಸ್ಸು ಮಾಡುವುದು ಸಹಜ. ಆದರೆ ಮೀಸಲಿಟ್ಟ ಹಣವೆಲ್ಲ ಕ್ಯಾಮೆರಾಕ್ಕೇ ವ್ಯಯವಾದರೆ, ಲೆನ್ಸ್ ಕೊಳ್ಳುವ ಹೊತ್ತಿಗೆ ಕೈ ಬರಿದಾಗುತ್ತದೆ. ಆಗ ನೆರವಿಗೆ ಬರುವುವು ಅನ್ಯ ತಯಾರಕರ, ಅಂದರೆ ಥರ್ಡ್ ಪಾರ್ಟಿ ಲೆನ್ಸ್‌ಗಳು. ಇವು ಕೀಳು ಸರಕೆಂಬ ಭಾವನೆ ಸರಿಯಲ್ಲ. ಜಪಾನಿನ ಟ್ಯಾಮ್ರಾನ್ ಸಂಸ್ಥೆಯ ಮೂಲ 1950ರಷ್ಟು ಹಿಂದಿನದು. ಸಿಗ್ಮಾ 1961ರಲ್ಲಿ ಸ್ಥಾಪನೆಯಾಯಿತು.

ಮೌಂಟ್ ಎಂಬ ಹೆಬ್ಬಾಗಿಲು

ಲೆನ್ಸ್ ಕ್ಯಾಮೆರಾಕ್ಕೆ ಕೂಡಿಕೊಳ್ಳುವ ಭಾಗವೇ ಮೌಂಟ್. ಅಗ್ಗದ ಲೆನ್ಸ್ ದೊರೆಯುವುದೋ ಇಲ್ಲವೋ ಎಂಬುದನ್ನು ಕ್ಯಾಮೆರಾ ಕಂಪನಿಯ ಮೌಂಟ್ ನೀತಿಯೇ ನಿರ್ಧರಿಸುತ್ತದೆ. ಸೋನಿ 2011ರಲ್ಲಿ ತನ್ನ ಇ-ಮೌಂಟಿನ ಮೂಲ ವಿವರಗಳನ್ನು ಇತರ ತಯಾರಕರಿಗೆ ಶುಲ್ಕವಿಲ್ಲದೆ ತೆರೆದಿಟ್ಟಿತು. ಆ ಮೌಂಟಿಗೆ ಇಂದು ಆಯ್ಕೆ ವಿಪುಲ. ಲೈಕಾ, ಪ್ಯಾನಾಸೋನಿಕ್ ಹಾಗೂ ಸಿಗ್ಮಾ 2018ರಲ್ಲಿ ಎಲ್-ಮೌಂಟ್ ಒಕ್ಕೂಟ ರಚಿಸಿಕೊಂಡವು. ನಿಕಾನ್‌ನ ಝಡ್ ಮೌಂಟಿಗೆ ಟ್ಯಾಮ್ರಾನ್ ತನ್ನ ಹೆಸರಿನ ಮೊದಲ ಲೆನ್ಸನ್ನು 2022ರಲ್ಲಿ ತಂದಿತು.

ಕ್ಯಾನನ್ ಮಾತ್ರ ಆರ್‌ಎಫ್ ಮೌಂಟನ್ನು ಬಿಗಿಯಾಗಿ ಕಾಯ್ದುಕೊಂಡಿತು. 2024ರ ಏಪ್ರಿಲ್‌ನಲ್ಲಿ ಸಿಗ್ಮಾ ಮತ್ತು ಟ್ಯಾಮ್ರಾನ್ ಪರವಾನಗಿ ಪಡೆದು ಘೋಷಿಸಿದ ಲೆನ್ಸ್‌ಗಳು ಎಪಿಎಸ್-ಸಿ ಎಂಬ ಚಿಕ್ಕ ಸೆನ್ಸರಿಗೆ ಹೊಂದುವಂಥವು. ಅಂತಹ ಲೆನ್ಸನ್ನು ಕ್ಯಾನನ್ನಿನ 45 ಮೆಗಾಪಿಕ್ಸೆಲ್ ಫುಲ್ ಫ್ರೇಮ್ ಕ್ಯಾಮೆರಾಕ್ಕೆ ತೊಡಿಸಿದರೆ ಚಿತ್ರ ಸುಮಾರು 17 ಮೆಗಾಪಿಕ್ಸೆಲ್‌ಗೆ ಇಳಿಯುತ್ತದೆ. ಕ್ಯಾಮೆರಾಕ್ಕೆ ತೆತ್ತ ಹೆಚ್ಚಿನ ಬೆಲೆ ಅಷ್ಟರಮಟ್ಟಿಗೆ ವ್ಯರ್ಥವೇ ಸರಿ.

ಲಾಭ-ನಷ್ಟದ ಲೆಕ್ಕ

ಸೋನಿಯ 24-70 ಮಿ.ಮೀ. ಎಫ್/2.8 ಜಿಎಂ ಲೆನ್ಸ್ 2016ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದಾಗ ಬೆಲೆ ಸುಮಾರು 2,200 ಡಾಲರ್. 2018ರಲ್ಲಿ ಬಂದ ಟ್ಯಾಮ್ರಾನ್ 28-75 ಮಿ.ಮೀ. ಎಫ್/2.8 ಲೆನ್ಸಿನ ಬೆಲೆ ಸುಮಾರು 800 ಡಾಲರ್. ತೂಕವೂ 886 ಗ್ರಾಂಗೆ ಪ್ರತಿಯಾಗಿ 550 ಗ್ರಾಂ ಮಾತ್ರ. ಕಳೆದುಕೊಳ್ಳುವುದೂ ಉಂಟು. 24ರ ಬದಲು 28ರಿಂದ ಆರಂಭವಾಗುವ ಕಾರಣ ಇಕ್ಕಟ್ಟಾದ ಕಾರ್ಖಾನೆಯ ಒಳನೋಟ ಪೂರ್ಣವಾಗಿ ಹಿಡಿಯದು. ಸೋನಿ ಆಲ್ಫಾ 1 ಕ್ಯಾಮೆರಾ ಸೆಕೆಂಡಿಗೆ 30 ಚಿತ್ರ ತೆಗೆಯಬಲ್ಲದಾದರೂ ಅನ್ಯ ತಯಾರಕರ ಲೆನ್ಸಿನೊಡನೆ ವೇಗ 15ಕ್ಕೆ ಸೀಮಿತ. ಕ್ರೀಡಾ ಛಾಯಾಗ್ರಾಹಕನಿಗೆ ಇದು ನಷ್ಟ. ಮೇಜಿನ ಮೇಲೆ ಬಳೆಯನ್ನಿಟ್ಟು, ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ನಿಲ್ಲಿಸಿ ಚಿತ್ರ ತೆಗೆಯುವವರಿಗೆ ಏನೇನೂ ಅಲ್ಲ. ಇಂಥವರಿಗೆ ಜೂಮ್‌ಗಿಂತ ಟ್ಯಾಮ್ರಾನ್ 90 ಮಿ.ಮೀ. ಮಾದರಿಯ ಮ್ಯಾಕ್ರೋ ಲೆನ್ಸ್ ಹೆಚ್ಚು ಉಪಯುಕ್ತ.

ಬಿಲ್ಲಿಲ್ಲದ ಅಗ್ಗ

ಭಾರತದ ವಾರಂಟಿಯಿಲ್ಲದೆ, ಬಿಲ್ಲಿಲ್ಲದೆ ಮಾರುವ ಆಮದು ಲೆನ್ಸ್‌ಗಳು ಕಡಿಮೆ ಬೆಲೆಯ ಆಮಿಷ ಒಡ್ಡುತ್ತವೆ. ಉದಾಹರಣೆಗೆ ಅಂತಹ ಲೆನ್ಸಿಗೆ ರೂ. 63,000 ಎಂದಿಟ್ಟುಕೊಳ್ಳೋಣ. ಅದೇ ಲೆನ್ಸ್ ಅಧಿಕೃತ ಮಾರಾಟಗಾರರಲ್ಲಿ ರೂ. 60,000 ಹಾಗೂ ಶೇ. 18ರ ಜಿಎಸ್‌ಟಿ ರೂ. 10,800 ಸೇರಿ ರೂ. 70,800 ಆಗಲಿ. ತೆರಿಗೆಗೊಳಪಟ್ಟ ವ್ಯವಹಾರಕ್ಕೆ ಲೆನ್ಸ್ ಬಳಸುವ ನೋಂದಾಯಿತ ವರ್ತಕರು ಆ ರೂ. 10,800ನ್ನು ಹೂಡುವಳಿ ತೆರಿಗೆ ಜಮೆಯಾಗಿ ಪಡೆಯಬಹುದಾದ್ದರಿಂದ ನಿವ್ವಳ ವೆಚ್ಚ ರೂ. 60,000 ಮಾತ್ರ. ಅಂದರೆ ಬಿಲ್ಲಿರುವ ಲೆನ್ಸೇ ರೂ. 3,000 ಅಗ್ಗ! ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ಜಮೆ ದೊರೆಯದು. ಆದರೂ ವಾರಂಟಿಯ ರಕ್ಷಣೆ ಉಳಿಯುತ್ತದೆ.

ಇನ್ನೆರಡು ಅಂಶಗಳು ಗಮನಾರ್ಹ. ಜಮೆ ಪಡೆದ ತೆರಿಗೆಯ ಮೊತ್ತವನ್ನು ಆಸ್ತಿಯ ಬೆಲೆಗೆ ಸೇರಿಸಿ ಸವಕಳಿ ಕೇಳುವಂತಿಲ್ಲ. ಕೊಂಡ ವರ್ಷದಲ್ಲಿ ಬಳಕೆ 180 ದಿನಗಳಿಗಿಂತ ಕಡಿಮೆಯಾದರೆ ಸವಕಳಿ ಅರ್ಧಕ್ಕಿಳಿಯುತ್ತದೆ.

ಕ್ಯಾಮೆರಾ ಬದಲಾದರೂ ಅದೇ ಮೌಂಟಿನ ಒಳ್ಳೆಯ ಲೆನ್ಸ್ ಬಹುಕಾಲ ಬಾಳುತ್ತದೆ. ಆದ್ದರಿಂದ ಮೊದಲು ಕೆಲಸವನ್ನೂ, ಅನಂತರ ಮೌಂಟನ್ನೂ ನಿಶ್ಚಯಿಸಿ, ಲೆನ್ಸಿನ ಹಣವನ್ನು ಬೇರೆಯಾಗಿ ತೆಗೆದಿರಿಸಿದ ಮೇಲೆ ಕ್ಯಾಮೆರಾ ಕೊಳ್ಳುವುದು ಲೇಸು.